ಕುದುರೆ ಸತ್ತದ್ದು ಯಾರ ತಪ್ಪು?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳಿಗ್ಗೆಯಿಂದ ನೀವು ಉಳಿತಾಯ, ಸಾಲ, ಕಂತು, ಬಡ್ಡಿ ಎಂದು ಮಾತನಾಡಿ ದಣಿದಿದ್ದೀರಿ. ಊಟವೂ ಆಗಿದೆ. ಇಂಥ ಹೊತ್ತಿನಲ್ಲಿ ನಿವೃತ್ತಳಾದ ಇಂಗ್ಲಿಷ್ ಮೇಡಂ ಒಬ್ಬಳು ಬಂದು ಕಾದಂಬರಿಯ ಬಗ್ಗೆ ಮಾತನಾಡುತ್ತೇನೆ ಎಂದರೆ ಕೆಲವರಿಗೆ ನಿದ್ದೆ ಬಂದೀತು. ಬಂದರೆ ತಪ್ಪು ಎಂದುಕೊಳ್ಳಬೇಡಿ. ನಾನು ಹೇಳಲಿರುವ ಕಥೆಯ ಹುಡುಗಿಗೂ ಒಂದು ರಾತ್ರಿ ನಿದ್ದೆ ಬಂತು. ತನ್ನ ಮನೆಯ ಕಷ್ಟಕ್ಕೆಲ್ಲ ಆ ನಿದ್ದೆಯೇ ಕಾರಣ ಎಂದು ಅವಳು ನಂಬಿದಳು.

ಕಾದಂಬರಿಯ ಹೆಸರು ‘ಟೆಸ್ ಆಫ್ ದ ಡರ್ಬರ್‌ವಿಲ್ಸ್’. ಬರೆದವರು ಥಾಮಸ್ ಹಾರ್ಡಿ. ಪುಸ್ತಕವಾಗಿ ಬಂದದ್ದು 1891ರಲ್ಲಿ. ಹಾರ್ಡಿ ಇಂಗ್ಲೆಂಡಿನ ದಕ್ಷಿಣಕ್ಕಿರುವ ಡಾರ್ಸೆಟ್ ಎಂಬ ಸೀಮೆಯವರು. ತಂದೆ ಕಲ್ಲುಕಟ್ಟಡದ ಕೆಲಸದವರು. ತಾಯಿ ಮದುವೆಗೆ ಮೊದಲು ಕಂಡವರ ಮನೆಯಲ್ಲಿ ಅಡಿಗೆ, ಚಾಕರಿ ಮಾಡಿದವರು. ಹಾಲು ಕರೆಯುವ ಹೆಂಗಸರು, ಗದ್ದೆ ಕೂಲಿಯವರು, ಬಾಡಿಗೆಯ ಗುಡಿಸಲು, ಇವನ್ನು ಹತ್ತಿರದಿಂದ ಕಂಡ ಮನುಷ್ಯ ಅವರು. ಈ ಕಾದಂಬರಿಯನ್ನು ನಾನು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಮಾಡಿದೆ. ‘ಟೆಸ್‌ಳ ದುರಂತಕ್ಕೆ ವಿಧಿಯೇ ಕಾರಣವೇ? ಚರ್ಚಿಸಿ’ ಎಂಬುದು ನಮ್ಮ ಪರೀಕ್ಷೆಯ ಖಾಯಂ ಪ್ರಶ್ನೆ. ಹೌದು, ವಿಧಿಯೇ ಕಾರಣ ಎಂದು ನಾನು ನೋಟ್ಸ್ ಬರೆಸುತ್ತಿದ್ದೆ, ಹುಡುಗಿಯರು ಹಾಗೆಯೇ ಬರೆದು ಪಾಸಾಗುತ್ತಿದ್ದರು. ಇಂದು ಆ ನೋಟ್ಸನ್ನು ನಾನೇ ಹರಿದು ಹಾಕಬೇಕೆಂದು ನಿಮ್ಮ ಮುಂದೆ ನಿಂತಿದ್ದೇನೆ.

ಕಥೆ ಕೇಳಿ. ಟೆಸ್ ಮನೆಯ ಹಿರಿಮಗಳು, ಅವಳ ಕೆಳಗೆ ಆರು ಮಕ್ಕಳು. ಅಪ್ಪ ಸಣ್ಣಪುಟ್ಟ ಸಾಮಾನು ಊರಿಂದೂರಿಗೆ ಸಾಗಿಸಿ ಮಾರುವವನು, ಜೊತೆಗೆ ಕುಡುಕ. ಮನೆಯ ಅನ್ನಕ್ಕೆ ಆಧಾರ ಒಂದು ಮುದಿ ಕುದುರೆ, ಹೆಸರು ಪ್ರಿನ್ಸ್. ಒಂದು ಸಂಜೆ ಊರ ಪಾದ್ರಿಯೊಬ್ಬರು ದಾರಿಯಲ್ಲಿ ಸಿಕ್ಕಿ, ‘ನಿಮ್ಮದು ಹಿಂದೆ ದೊಡ್ಡ ಮನೆತನವಪ್ಪಾ, ಡರ್ಬರ್‌ವಿಲ್ ವಂಶ’ ಎಂದು ಅಪ್ಪನ ತಲೆಯಲ್ಲಿ ಹುಳ ಬಿಟ್ಟರು. ಆ ಸಂತೋಷಕ್ಕೆ ಅಪ್ಪ ಚೆನ್ನಾಗಿ ಕುಡಿದ. ನಡುರಾತ್ರಿ ಎದ್ದು ಜೇನುಪೆಟ್ಟಿಗೆಗಳನ್ನು ಸಂತೆಗೆ ಸಾಗಿಸಬೇಕಿತ್ತು, ಅವನಿಗೆ ಏಳಲಾಗಲಿಲ್ಲ. ಆಗ ಟೆಸ್ ಚಿಕ್ಕ ತಮ್ಮನನ್ನು ಕೂರಿಸಿಕೊಂಡು ಗಾಡಿ ಹೂಡಿದಳು. ದಾರಿಯಲ್ಲಿ ಅವಳಿಗೆ ಜೋಂಪು ಹತ್ತಿತು. ಲಾಂದ್ರ ಆರಿತ್ತು. ಎದುರಿನಿಂದ ವೇಗವಾಗಿ ಬಂದ ಅಂಚೆ ಗಾಡಿಯ ಮೂಕಿ ಕುದುರೆಯ ಎದೆಗೆ ನಾಟಿತು. ಚಿಮ್ಮುವ ರಕ್ತವನ್ನು ಟೆಸ್ ಅಂಗೈಯಿಂದ ಒತ್ತಿ ಹಿಡಿಯಲು ನೋಡಿದಳು. ಕುದುರೆ ಉಳಿಯಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ಮನೆಯಲ್ಲಿ ಯಾರೂ ಅವಳನ್ನು ಬೈಯಲಿಲ್ಲ ಎಂದು ಹಾರ್ಡಿ ಬರೆಯುತ್ತಾರೆ. ಅವಳನ್ನು ಅವಳೇ ಬೈದುಕೊಂಡಳು, ಕುದುರೆಯನ್ನು ಕೊಂದವಳು ತಾನು ಎಂದುಕೊಂಡಳು. ಅಪ್ಪ ಕುಡಿದು ಮಲಗಿದ್ದು ಅವಳ ಲೆಕ್ಕಕ್ಕೆ ಬರಲಿಲ್ಲ. ಎಳೆಯ ಹುಡುಗಿ ರಾತ್ರಿ ಎರಡು ಗಂಟೆಗೆ ಗಾಡಿ ಹೊಡೆಯಬೇಕಾಗಿ ಬಂದದ್ದು ಯಾಕೆ ಎಂದು ಅವಳು ಕೇಳಲಿಲ್ಲ. ಪಾಪಪ್ರಜ್ಞೆ ಎಂದು ನಾವು ಪುಸ್ತಕದ ಭಾಷೆಯಲ್ಲಿ ಕರೆಯುವುದು ಇದನ್ನೇ. ತಪ್ಪು ಮಾಡಿದವರಿಗೆ ಆಗುವ ಸಂಕಟ ಇದಲ್ಲ. ಜವಾಬ್ದಾರಿ ಹೊತ್ತವರು ಇತರರ ತಪ್ಪನ್ನೂ ತಮ್ಮ ಹೆಸರಿಗೆ ಬರೆದುಕೊಳ್ಳುವ ರೋಗ ಇದು. ನಮ್ಮ ಹೆಣ್ಣುಮಕ್ಕಳು ‘ನನ್ನ ಮದುವೆಗಾಗಿ ಅಪ್ಪ ಸಾಲ ಮಾಡಿದರು’ ಎನ್ನುವಾಗ ಅವರ ದನಿ ಹೇಗಿರುತ್ತದೆ, ನೆನಪು ಮಾಡಿಕೊಳ್ಳಿ. ವರದಕ್ಷಿಣೆ ಕೇಳಿದವನು ಬೇರೆ, ಕೊಡಲು ಒಪ್ಪಿದವರು ಬೇರೆ, ಬಡ್ಡಿಗೆ ಕೊಟ್ಟವನು ಬೇರೆ. ಆದರೂ ಸಾಲ ಮಾತ್ರ ಹುಡುಗಿಯ ಹೆಸರಿನಲ್ಲಿರುತ್ತದೆ.

ಕುದುರೆ ಹೋಯಿತು, ದುಡಿಮೆ ನಿಂತಿತು. ಪಕ್ಕದ ಸೀಮೆಯಲ್ಲಿ ಡರ್ಬರ್‌ವಿಲ್ ಎಂಬ ಹೆಸರಿನ ಶ್ರೀಮಂತರಿದ್ದಾರೆ, ಹೋಗಿ ನೆಂಟಸ್ತನ ಹೇಳಿಕೊಂಡು ಬಾ ಎಂದಳು ತಾಯಿ. ಅವರು ನಿಜವಾದ ನೆಂಟರೂ ಅಲ್ಲ. ವ್ಯಾಪಾರದಲ್ಲಿ ದುಡ್ಡು ಮಾಡಿ, ಹಳೆಯ ಹೆಸರೊಂದನ್ನು ಪುಸ್ತಕದಿಂದ ಹೆಕ್ಕಿ ಅಂಟಿಸಿಕೊಂಡವರು. ಟೆಸ್‌ಗೆ ಹೋಗಲು ಮನಸ್ಸಿರಲಿಲ್ಲ. ಕುದುರೆಯನ್ನು ಕೊಂದವಳು ತಾನಲ್ಲವೇ ಎಂಬ ಒಂದೇ ಯೋಚನೆ ಅವಳನ್ನು ಅಲ್ಲಿಗೆ ತಳ್ಳಿತು. ಆ ಮನೆಯ ಮಗ ಅಲೆಕ್. ಕೋಳಿ ಸಾಕುವ ಕೆಲಸ ಕೊಡಿಸಿ, ಕೆಲವು ತಿಂಗಳು ಹಿಂದೆ ಬಿದ್ದು, ಒಂದು ರಾತ್ರಿ ಮಂಜು ಕವಿದ ಕಾಡಿನಲ್ಲಿ, ದಣಿದು ಎಲೆಗಳ ಮೇಲೆ ನಿದ್ದೆಹೋದ ಹುಡುಗಿಯನ್ನು ಕೆಡಿಸಿದ. ಈ ಭಾಗವನ್ನು ಹಾರ್ಡಿ ಕತ್ತಲಲ್ಲೇ ಬಿಟ್ಟಿದ್ದಾರೆ, ಬೇರೆ ಬೇರೆ ಮುದ್ರಣಗಳಲ್ಲಿ ತಿದ್ದಿಯೂ ಇದ್ದಾರೆ. ಅದು ಅತ್ಯಾಚಾರವೋ, ಮರುಳು ಮಾಡಿದ್ದೋ ಎಂದು ವಿಮರ್ಶಕರು ನೂರು ವರ್ಷದಿಂದ ವಾದಿಸುತ್ತಿದ್ದಾರೆ. ನಿದ್ದೆಯಲ್ಲಿರುವವಳು ಒಪ್ಪಿಗೆ ಕೊಡುವುದು ಹೇಗೆ ಎಂಬ ಸರಳ ಪ್ರಶ್ನೆಯನ್ನು ನಾನಾದರೂ ತರಗತಿಯಲ್ಲಿ ಎಷ್ಟೋ ವರ್ಷ ಎತ್ತಲಿಲ್ಲ.

ಆದರೆ ಆ ರಾತ್ರಿಯ ಒಂದು ಸಣ್ಣ ವಿವರವನ್ನು ಹಾರ್ಡಿ ಮರೆತಿಲ್ಲ. ಕಾಡಿನಲ್ಲಿ ಗಾಡಿದಾರಿ ಹುಡುಕಲು ಹೊರಡುವ ಮುನ್ನ ಅಲೆಕ್ ಅವಳಿಗೆ ಒಂದು ಸುದ್ದಿ ಹೇಳುತ್ತಾನೆ. ಅವಳ ಅಪ್ಪನಿಗೆ ಇಂದು ಹೊಸ ಕುದುರೆ ಸಿಕ್ಕಿದೆ, ಮಕ್ಕಳಿಗೆ ಆಟಿಕೆ ಸಿಕ್ಕಿವೆ, ಯಾರೋ ಕಳಿಸಿದ್ದಾರೆ. ಅವಳು ಅಳುತ್ತಾಳೆ. ಉಪಕಾರ ಮೊದಲು ಬಂತು, ಅದರ ಹಿಂದೆಯೇ ವಸೂಲಿ ಬಂತು. ಸಂಘ ಬರುವ ಮೊದಲು ನಿಮ್ಮ ಊರುಗಳಲ್ಲಿ ಕೈಸಾಲ ಕೊಡುತ್ತಿದ್ದವರನ್ನು ನೆನೆಸಿಕೊಂಡರೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಟೆಸ್ ಮನೆಗೆ ಮರಳಿದಳು. ‘ಹೇಗೂ ಹೀಗಾಯಿತಲ್ಲ, ಅವನನ್ನು ಮದುವೆಯಾಗುವಂತೆ ಮಾಡಬಾರದಿತ್ತೇ’ ಎಂಬುದು ತಾಯಿಯ ಮಾತು. ಆಗ ಟೆಸ್ ಕೇಳುತ್ತಾಳೆ, ಗಂಡಸರಿಂದ ಅಪಾಯವಿದೆ ಎಂದು ನೀನು ನನಗೆ ಯಾಕೆ ಹೇಳಲಿಲ್ಲ ಎಂದು. ಉಳ್ಳವರ ಮನೆಯ ಹೆಣ್ಣುಮಕ್ಕಳು ಕಾದಂಬರಿ ಓದಿಯಾದರೂ ಇದನ್ನು ತಿಳಿದುಕೊಳ್ಳುತ್ತಾರೆ, ತನಗೆ ಆ ದಾರಿಯೂ ಇರಲಿಲ್ಲ ಎನ್ನುತ್ತಾಳೆ. ಸಂಘದ ಸಭೆಯಲ್ಲಿ ಕಾದಂಬರಿ ಯಾಕೆ ಎಂದು ಯಾರಾದರೂ ಕೇಳಿದರೆ ಈ ಮಾತನ್ನೇ ಉತ್ತರವಾಗಿ ಕೊಡುತ್ತೇನೆ.

ಮಗು ಹುಟ್ಟಿತು, ಕೆಲವೇ ದಿನಗಳಲ್ಲಿ ಕಾಯಿಲೆ ಬಿತ್ತು. ಮರ್ಯಾದೆಗೆ ಅಂಜಿ ಅಪ್ಪ ಬಾಗಿಲಿಗೆ ಬೀಗ ಜಡಿದ, ಪಾದ್ರಿಯನ್ನು ಒಳಗೆ ಬಿಡಲೊಪ್ಪಲಿಲ್ಲ. ಆ ರಾತ್ರಿ ಟೆಸ್ ತಮ್ಮ ತಂಗಿಯರನ್ನು ಎಬ್ಬಿಸಿ ನಿಲ್ಲಿಸಿಕೊಂಡು ತಾನೇ ಮಗುವಿಗೆ ನೀರು ಚಿಮುಕಿಸಿ ದೀಕ್ಷಾಸ್ನಾನ ಮಾಡಿಸಿದಳು. ‘ದುಃಖ’ ಎಂದು ಹೆಸರಿಟ್ಟಳು. ಬೆಳಗಾಗುವಷ್ಟರಲ್ಲಿ ಮಗು ಹೋಯಿತು. ಅದನ್ನು ಹೂಳಿದ್ದು ಸ್ಮಶಾನದ ಮೂಲೆಯಲ್ಲಿ, ತುರಿಕೆ ಗಿಡ ಬೆಳೆದ ಜಾಗದಲ್ಲಿ, ಆತ್ಮಹತ್ಯೆ ಮಾಡಿಕೊಂಡವರ, ಕುಡುಕರ ಪಕ್ಕ. ಅವಳು ಕಡ್ಡಿಗಳಲ್ಲಿ ಶಿಲುಬೆ ಮಾಡಿ ನೆಟ್ಟು, ಹಣ್ಣಿನ ಪಾಕದ ಖಾಲಿ ಜಾಡಿಯೊಂದರಲ್ಲಿ ಹೂವಿಟ್ಟು ಬಂದಳು. ಅಂಗಡಿಯ ಹೆಸರು ಅಂಟಿಸಿದ್ದ ಆ ಜಾಡಿಯನ್ನು ನಾನು ಎಷ್ಟು ಸಲ ಓದಿದರೂ ದಾಟಿ ಮುಂದೆ ಹೋಗಲಾರೆ.

ಮುಂದೆ ಒಂದು ದೊಡ್ಡ ಹಾಲಿನ ಕೊಟ್ಟಿಗೆಯಲ್ಲಿ ಅವಳಿಗೆ ಕೆಲಸ ಸಿಗುತ್ತದೆ. ಅಲ್ಲಿ ಏಂಜಲ್ ಕ್ಲೇರ್ ಎಂಬ ಪಾದ್ರಿಯ ಮಗ ಬೇಸಾಯ ಕಲಿಯಲು ಬಂದಿರುತ್ತಾನೆ. ಓದಿದವನು, ತಂದೆಯ ಮತಶ್ರದ್ಧೆಯನ್ನು ಪ್ರಶ್ನಿಸಿದವನು, ವಂಶದ ಹೆಮ್ಮೆ ಬೇಡವೆಂದವನು. ನಮ್ಮ ಭಾಷೆಯಲ್ಲಿ ಪ್ರಗತಿಪರ. ಅವನು ಮದುವೆಗೆ ಕೇಳಿದಾಗಲೆಲ್ಲ ಅವಳು ಹಿಂಜರಿದಳು. ಹಿಂದಿನದನ್ನು ಬಾಯಿ ಬಿಡಬೇಡ ಎಂದು ತಾಯಿ ಕಾಗದ ಬರೆದಳು. ಟೆಸ್‌ಗೆ ಮನಸ್ಸು ಒಪ್ಪಲಿಲ್ಲ. ಎಲ್ಲವನ್ನೂ ಬರೆದು ಅವನ ಕೋಣೆಯ ಬಾಗಿಲ ಸಂದಿಯಿಂದ ತೂರಿಸಿದಳು. ಅದು ಚಾಪೆಯ ಅಡಿಗೆ ಸೇರಿಕೊಂಡಿತು, ಅವನು ನೋಡಲೇ ಇಲ್ಲ. ‘ವಿಧಿ’ ಎಂದು ನಾನು ಬರೆಸುತ್ತಿದ್ದುದು ಈ ಚಾಪೆಯನ್ನೇ! ಕಾಗದ ಅವನ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತು? ಅವನು ಮದುವೆಗೆ ಮೊದಲೇ ಬಿಟ್ಟು ಹೋಗುತ್ತಿದ್ದನೋ ಏನೋ. ಅವನ ಮನಸ್ಸಿನಲ್ಲಿದ್ದುದನ್ನು ಯಾವ ಚಾಪೆಯೂ ಅಲ್ಲಿ ತಂದಿಟ್ಟಿರಲಿಲ್ಲ.

ಮದುವೆಯ ರಾತ್ರಿ ಬೆಂಕಿಯ ಮುಂದೆ ಕುಳಿತು ಅವನೇ ಮೊದಲು ಬಾಯಿಬಿಟ್ಟ. ಹಿಂದೆ ಲಂಡನ್ನಿನಲ್ಲಿ ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳ ಜೊತೆ ಎರಡು ದಿನ ಕಳೆದಿದ್ದೆ, ಕ್ಷಮಿಸು ಎಂದ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ತಕ್ಷಣ ಕ್ಷಮಿಸಿದಳು. ನನ್ನದೂ ಇಂಥದೇ ಒಂದು ಮಾತಿದೆ ಎಂದು ತನ್ನ ಕಥೆ ಹೇಳಿದಳು. ಆಗ ಅವಳ ಕೊರಳಲ್ಲಿ ಅವನ ಧರ್ಮತಾಯಿಯಿಂದ ಬಂದ ವಜ್ರದ ಒಡವೆ ಹೊಳೆಯುತ್ತಿತ್ತು. ಅವಳ ಮಾತು ಮುಗಿಯುವ ಹೊತ್ತಿಗೆ ಅವನು ಬೇರೆ ಮನುಷ್ಯನಾಗಿದ್ದ. ಆದರೆ ಬೇರೆಯಾದವಳು ಅವಳು ಎಂದು ಅವನ ವಾದ. ತಾನು ಪ್ರೀತಿಸಿದ್ದು ಅವಳ ರೂಪದಲ್ಲಿದ್ದ ಇನ್ನೊಬ್ಬಳನ್ನಂತೆ.

ಪೂರ್ವಗ್ರಹ ಎಂದರೆ ಓದಿಲ್ಲದವರ, ಹಳ್ಳಿಯವರ ಸೊತ್ತು ಎಂದು ನಾವು ಓದಿದವರು ತಿಳಿದಿದ್ದೇವೆ. ಹಾರ್ಡಿ ಅದನ್ನು ತಂದಿಟ್ಟಿರುವುದು ಓದಿದವನ ಎದೆಯೊಳಗೆ. ಕಾದಂಬರಿಯಲ್ಲಿ ಅಲೆಕ್ ಕೆಟ್ಟವನೆಂದು ಎಲ್ಲರಿಗೂ ಗೊತ್ತು, ಅವನಿಂದ ಟೆಸ್ ತಪ್ಪಿಸಿಕೊಂಡು ಬಂದಳು. ಏಂಜಲ್‌ನಂಥ ಒಳ್ಳೆಯವನಿಂದ ತಪ್ಪಿಸಿಕೊಳ್ಳುವುದು ಅವಳಿಗೆ ಆಗಲಿಲ್ಲ, ಏಕೆಂದರೆ ಅವನ ತೀರ್ಪನ್ನು ಅವಳೂ ಒಪ್ಪಿಕೊಂಡಳು.

ಈ ಎರಡು ತೂಕದ ತಕ್ಕಡಿ ಏಂಜಲ್ ಒಬ್ಬನ ಮನೆಯದಲ್ಲ, ಸರ್ಕಾರದ್ದು ಕೂಡ. ಇಂಗ್ಲೆಂಡಿನ 1857ರ ವಿವಾಹ ಕಾಯಿದೆಯಲ್ಲಿ ಹೆಂಡತಿ ಪರಪುರುಷನ ಸಂಗ ಮಾಡಿದಳು ಎಂದಷ್ಟೇ ತೋರಿಸಿದರೆ ಗಂಡನಿಗೆ ವಿಚ್ಛೇದನ ಸಿಗುತ್ತಿತ್ತು. ಹೆಂಡತಿಗೆ ಅಷ್ಟು ಸಾಲದು. ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ, ಬಿಟ್ಟುಹೋದದ್ದನ್ನೋ, ಅಂಥ ಇನ್ನೊಂದು ಅಪರಾಧವನ್ನೋ ಅವಳು ರುಜುವಾತು ಮಾಡಬೇಕಿತ್ತು. ಅಲ್ಲಿ ಇದು ಸರಿಯಾದದ್ದು 1923ರಲ್ಲಿ. ಅದೇ ತಕ್ಕಡಿಯನ್ನು ಬ್ರಿಟಿಷರು 1869ರ ಭಾರತೀಯ ವಿಚ್ಛೇದನ ಕಾಯಿದೆಯ ಮೂಲಕ ನಮ್ಮ ಕ್ರೈಸ್ತ ಸೋದರಿಯರ ತಲೆಗೆ ಕಟ್ಟಿದರು. ತಮ್ಮ ದೇಶದಲ್ಲಿ ಅದನ್ನು ಎಸೆದ ಮೇಲೂ ಇಲ್ಲಿ ಅದು 2001ರವರೆಗೆ ಉಳಿಯಿತು.

ಇನ್ನು, ಹೆಣ್ಣಿನ ‘ಹಿಂದಿನದು’ ನ್ಯಾಯಾಲಯದಲ್ಲೂ ಅವಳ ಬೆನ್ನು ಬಿಡಲಿಲ್ಲ. 1972ರಲ್ಲಿ ಮಹಾರಾಷ್ಟ್ರದಲ್ಲಿ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸ್ ಠಾಣೆಯಲ್ಲೇ ಅತ್ಯಾಚಾರವಾಯಿತೆಂಬ ಮೊಕದ್ದಮೆ ನಡೆಯಿತು. ಅವಳಿಗೆ ಮೊದಲೇ ಸಂಗದ ಅಭ್ಯಾಸವಿತ್ತು ಎಂದು ಕೆಳಗಿನ ನ್ಯಾಯಾಲಯ ಹೇಳಿತು. ಮೈಮೇಲೆ ಗಾಯವಿಲ್ಲ, ಪ್ರತಿಭಟಿಸಿದ ಗುರುತಿಲ್ಲ ಎಂದು 1978ರಲ್ಲಿ ಸುಪ್ರೀಂ ಕೋರ್ಟು ಇಬ್ಬರು ಪೊಲೀಸರನ್ನೂ ಬಿಟ್ಟಿತು. ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಮುಖ್ಯ ನ್ಯಾಯಾಧೀಶರಿಗೆ ಬಹಿರಂಗ ಪತ್ರ ಬರೆದರು, ದೇಶದ ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾಯಿದೆ ಬದಲಾಯಿತು. ಆದರೂ ಅತ್ಯಾಚಾರದ ದೂರು ಕೊಟ್ಟವಳ ನಡತೆಯನ್ನು ಎತ್ತಿ ಆಡಲು ಆರೋಪಿಗೆ ಅವಕಾಶ ಕೊಡುತ್ತಿದ್ದ ಸಾಕ್ಷ್ಯ ಕಾಯಿದೆಯ ಕಲಮು ಹೋದದ್ದು 2002ರ ತಿದ್ದುಪಡಿಯಲ್ಲಿ. ಅಷ್ಟು ಕಾಲ ಅದು ಪುಸ್ತಕದಲ್ಲಿತ್ತು.

ಕಥೆಗೆ ಬರುತ್ತೇನೆ. ಏಂಜಲ್ ಹೆಂಡತಿಯ ಕೈಗೆ 50 ಪೌಂಡು ಕೊಟ್ಟು ಬ್ರೆಜಿಲ್ ದೇಶಕ್ಕೆ ಹೊರಟುಹೋದ. ಟೆಸ್ ತವರಿಗೆ ಹೋದಳು. ಗಂಡ ಬಿಟ್ಟಿದ್ದಾನೆಂದು ಊರಿಗೆ ಗೊತ್ತಾಗಬಾರದೆಂದು, ಅವನ ಬಳಿಗೇ ಹೋಗುತ್ತಿರುವಂತೆ ತೋರಿಸಿಕೊಂಡು ಹೊರಟಳು. ಹೊರಡುವಾಗ 25 ಪೌಂಡು ತಾಯಿಗೆ ಕೊಟ್ಟಳು. ಮುಂದೆ ಗಂಡನ ಬ್ಯಾಂಕಿನಿಂದ ಬಂದ 30 ಪೌಂಡಿನಲ್ಲಿ 20ನ್ನು ತವರುಮನೆಯ ಸೂರಿಗೆ ಹುಲ್ಲು ಹೊದಿಸಲು ಕಳಿಸಿದಳು. ಕೈ ಖಾಲಿಯಾಯಿತು. ಕಲ್ಲುಭೂಮಿಯಲ್ಲಿ ಗೆಡ್ಡೆ ಅಗೆಯುವ ಕೂಲಿಗೆ ಸೇರಿದಳು. ಆದರೂ ತವರಿನವರಿಗೆ ಮಗಳು ಚೆನ್ನಾಗಿದ್ದಾಳೆಂಬ ನಂಬಿಕೆ. ಗಂಡನ ಮನೆಯಲ್ಲಿ ಉಪವಾಸವಿದ್ದು, ತವರಿಗೆ ಬಂದಾಗ ತಮ್ಮಂದಿರ ಕೈಗೆ ದುಡ್ಡು ತುರುಕಿ ಹೋಗುವವರು ಈ ಸಭೆಯಲ್ಲೂ ಇದ್ದೀರಿ. ಕೈ ಎತ್ತಬೇಡಿ, ನನಗೆ ಗೊತ್ತು.

ಒಂದು ಭಾನುವಾರ ಅವಳು ಹದಿನೈದು ಮೈಲಿ ನಡೆದು ಅತ್ತೆ ಮಾವನ ಊರಿಗೆ ಹೋದಳು, ಸಹಾಯ ಕೇಳೋಣವೆಂದು. ನಡೆಯುವ ದಪ್ಪ ಬೂಟುಗಳನ್ನು ಊರ ಹೊರಗೆ ಬೇಲಿಯಲ್ಲಿ ಬಚ್ಚಿಟ್ಟು, ಇದ್ದ ಒಳ್ಳೆಯ ಜೋಡು ಮೆಟ್ಟಿಕೊಂಡಳು. ಸೊಸೆಯೆಂದು ಗುರುತು ಹೇಳಿಕೊಳ್ಳುವಾಗ ಕೂಲಿಯವಳಂತೆ ಕಾಣಬಾರದಲ್ಲ. ಮನೆಯಲ್ಲಿ ಯಾರೂ ಇರಲಿಲ್ಲ, ಎಲ್ಲ ಚರ್ಚಿಗೆ ಹೋಗಿದ್ದರು. ವಾಪಸು ಬರುವಾಗ ಗಂಡನ ಅಣ್ಣಂದಿರು ಹಿಂದಿನಿಂದ ನಡೆದು ಬರುತ್ತ, ತಮ್ಮ ಮಾಡಿಕೊಂಡ ಮದುವೆಯ ಬಗ್ಗೆ ಕೊಂಕು ಮಾತನಾಡುವುದು ಕಿವಿಗೆ ಬಿತ್ತು. ಬೇಲಿಯಲ್ಲಿದ್ದ ಬೂಟುಗಳನ್ನು ಅವರು ಕಂಡು, ಯಾವನೋ ಮೋಸಗಾರ ಭಿಕ್ಷುಕನದಿರಬೇಕು ಎಂದುಕೊಂಡರು. ಜೊತೆಗಿದ್ದ ಹೆಣ್ಣುಮಗಳು ಅವನ್ನು ಬಡವರಿಗೆ ಕೊಡಲೆಂದು ಎತ್ತಿಕೊಂಡು ಹೋದಳು. ಟೆಸ್ ಕೇಳದೆಯೇ ಹಿಂತಿರುಗಿದಳು. ಮಾವ ಕೆಟ್ಟವನಲ್ಲ, ಕೇಳಿದ್ದರೆ ಕೊಡುತ್ತಿದ್ದ ಎನ್ನುತ್ತಾರೆ ಹಾರ್ಡಿ. ಇರಬಹುದು. ಕೇಳುವ ಬಾಯಿಯನ್ನೇ ಕಿತ್ತುಕೊಂಡ ಮೇಲೆ ಕೊಡುವ ಕೈ ಎಷ್ಟು ಉದ್ದವಿದ್ದರೇನು?

ಈಗ ಅಲೆಕ್ ಮತ್ತೆ ಬರುತ್ತಾನೆ, ಅದೂ ಮತಬೋಧಕನಾಗಿ! ತನ್ನ ಪಾಪಕ್ಕೆ ಪಶ್ಚಾತ್ತಾಪವಾಗಿದೆಯಂತೆ. ಮಾಡುವುದೇನು ಗೊತ್ತೆ? ದಾರಿಬದಿಯ ಕಲ್ಲಿನ ಮೇಲೆ ಅವಳ ಕೈಯಿಡಿಸಿ, ಇನ್ನು ಮುಂದೆ ತನ್ನ ಮನಸ್ಸು ಕೆಡಿಸುವುದಿಲ್ಲ ಎಂದು ಅವಳಿಂದ ಆಣೆ ತೆಗೆದುಕೊಳ್ಳುತ್ತಾನೆ. ಹೊಡೆದ ಮೇಲೆ ‘ನೀನೇ ಕೋಪ ಬರಿಸಿದ್ದು’ ಎನ್ನುವ ಗಂಡಸಿನ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸ್ವಲ್ಪ ದಿನಕ್ಕೆ ಬೋಧನೆ ಬಿಟ್ಟು ಹಳೆಯ ಅಲೆಕ್ ಆದ.

ಅಷ್ಟಾದರೂ ಅವಳು ಬಗ್ಗಲಿಲ್ಲ. ಬಗ್ಗಿಸಿದ್ದು ಒಂದು ಕರಾರು ಪತ್ರ. ಅವರ ಗುಡಿಸಲಿನ ಗುತ್ತಿಗೆ ಅಪ್ಪನ ಆಯುಸ್ಸಿನವರೆಗೆ ಮಾತ್ರ ಇತ್ತು. ಅಪ್ಪ ಸತ್ತ, ಮನೆ ಹೋಯಿತು. ಟೆಸ್ ಊರಿಗೆ ಮರಳಿದ್ದೂ ಒಂದು ನೆಪವಾಯಿತು, ನಡತೆಗೆಟ್ಟ ಮನೆ ಎಂದು ಊರಿನವರ ಗೊಣಗಾಟ. ತಾಯಿ ಮಕ್ಕಳು ಸಾಮಾನು ಗಾಡಿಗೆ ಹೇರಿಕೊಂಡು ಹೋಗಿ, ಹಿಡಿದಿದ್ದ ಕೋಣೆಯೂ ತಪ್ಪಿಹೋಗಿ, ಚರ್ಚಿನ ಗೋಡೆಯ ಮಗ್ಗುಲಲ್ಲಿ ಮಂಚ ಹಾಕಿಕೊಂಡರು. ಒಳಗೆ ಅವರ ಆ ‘ದೊಡ್ಡ ಮನೆತನ’ದವರ ಗೋರಿಗಳು! ತಾಯಿಗೂ ಮಕ್ಕಳಿಗೂ ಸೂರು ಕೊಡುತ್ತೇನೆಂದು ಅಲೆಕ್ ಹೇಳಿದ. ಟೆಸ್ ಅವನೊಂದಿಗೆ ಹೋದಳು. ಮೊದಲ ಸಲ ಕುದುರೆಗಾಗಿ ಹೋದಳು, ಎರಡನೆಯ ಸಲ ಸೂರಿಗಾಗಿ.

ಹಾಗಾದರೆ ತಪ್ಪಿಸಿಕೊಳ್ಳಲಾಗದ ಭೂತಕಾಲ ಎಂದು ಇಂಗ್ಲಿಷ್ ಪುಸ್ತಕಗಳು ಹೇಳುವುದು ಯಾವುದನ್ನು? ಕಾಡಿನ ಆ ರಾತ್ರಿ ತಾನಾಗಿ ಅವಳನ್ನು ಹಿಂಬಾಲಿಸಲಿಲ್ಲ. ಹಾಲಿನ ಕೊಟ್ಟಿಗೆಯಲ್ಲಿ ದುಡಿದು ತಿನ್ನುತ್ತಿದ್ದಾಗ ಅವಳು ನಗುತ್ತಿದ್ದಳು, ಹಾಡುತ್ತಿದ್ದಳು. ಹಿಂದಿನದು ಬಂದು ಕೊರಳು ಹಿಡಿದದ್ದು ಗಂಡ ಕೈಬಿಟ್ಟಾಗ, ಕೂಲಿ ಸಾಲದಾದಾಗ, ಮನೆ ಹೋದಾಗ. ಆ ಊರಿನಲ್ಲಿ ಹತ್ತು ಹೆಂಗಸರು ವಾರಕ್ಕಿಷ್ಟು ಎಂದು ಕೂಡಿಟ್ಟಿದ್ದರೆ, ಕುದುರೆ ಸತ್ತ ದಿನವೇ ಇನ್ನೊಂದು ಕುದುರೆಗೆ ಸಾಲ ಹುಟ್ಟುತ್ತಿತ್ತು ಎಂದು ನಾನು ಯೋಚಿಸುವುದುಂಟು. ಕಾದಂಬರಿಯೇ ಇರುತ್ತಿರಲಿಲ್ಲ, ಇರಲಿ!

ನಮ್ಮಲ್ಲಿ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಹೆಂಡತಿಗೆ ಗಂಡನೊಂದಿಗೆ ಬಾಳಿದ ಮನೆಯಲ್ಲೇ ವಾಸಿಸುವ ಹಕ್ಕು ಕೊಟ್ಟಿದೆ, ಮನೆ ಯಾರ ಹೆಸರಿನಲ್ಲಿದ್ದರೂ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲೆಂದು ಕರ್ನಾಟಕ 1994ರಲ್ಲೇ ಕಾಯಿದೆ ಮಾಡಿತು, ಇಡೀ ದೇಶಕ್ಕೆ ಅದು 2005ರಲ್ಲಿ ಬಂತು. ಆದರೆ ಅಣ್ಣ ತಮ್ಮಂದಿರು ಹಕ್ಕು ಬಿಡುಗಡೆ ಪತ್ರ ಮುಂದಿಟ್ಟಾಗ ಸಹಿ ಹಾಕಿ ಬರುವವರು ನಾವೇ. ನನ್ನ ಮದುವೆಗೆ ಖರ್ಚಾಗಿದೆಯಲ್ಲ, ಇನ್ನೇನು ಕೇಳಲಿ ಎನ್ನುತ್ತೇವೆ. ಮತ್ತೆ ಅದೇ ಕುದುರೆ.

ಕಥೆಯ ಕೊನೆ ಬೇಗ ಹೇಳುತ್ತೇನೆ. ಏಂಜಲ್ ಕಾಯಿಲೆಯಿಂದ ನರಳಿ, ಬುದ್ಧಿ ಬಂದು ಹಿಂತಿರುಗುತ್ತಾನೆ. ಹೊತ್ತು ಮೀರಿತ್ತು. ಟೆಸ್ ಅಲೆಕ್‌ನನ್ನು ಚಾಕುವಿನಿಂದ ಕೊಂದು ಗಂಡನ ಹಿಂದೆ ಓಡಿ ಬರುತ್ತಾಳೆ. ಇಬ್ಬರೂ ಖಾಲಿ ಮನೆಯೊಂದರಲ್ಲಿ ನಾಲ್ಕಾರು ದಿನ ಸುಖವಾಗಿದ್ದು, ಪ್ರಾಚೀನ ಕಲ್ಲುಕಂಬಗಳ ನಡುವೆ ಬೆಳಗಿನ ಜಾವ ಸಿಕ್ಕಿಬೀಳುತ್ತಾರೆ. ಅವಳನ್ನು ಗಲ್ಲಿಗೇರಿಸಿದರು. ಆದರೂ ಹಾರ್ಡಿ ಪುಸ್ತಕದ ಮುಖಪುಟದಲ್ಲಿ ಅವಳನ್ನು ಪರಿಶುದ್ಧ ಹೆಣ್ಣೆಂದು ಕರೆದರು. ಆ ಕಾಲದ ಅನೇಕರಿಗೆ ಸಿಟ್ಟು ಬಂದದ್ದು ಆ ಒಂದು ಮಾತಿಗೇ. ಮೊದಲು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ, ಕೆಸರು ದಾರಿಯಲ್ಲಿ ಏಂಜಲ್ ಹುಡುಗಿಯರನ್ನು ತೋಳಿನಲ್ಲಿ ಎತ್ತಿ ದಾಟಿಸುವುದು ಕೂಡದು ಎಂದು ಸಂಪಾದಕರು ತಳ್ಳುಗಾಡಿಯಲ್ಲಿ ದಾಟಿಸುವಂತೆ ಬರೆಸಿದರಂತೆ! ಮರ್ಯಾದೆಯ ಚಿಂತೆ ಎಲ್ಲೆಲ್ಲಿ ಇರುತ್ತದೆ ನೋಡಿ.

ಇನ್ನೊಂದು ವಿಷಯ. ಹಾರ್ಡಿ ಹದಿನಾರು ವರ್ಷದ ಹುಡುಗನಾಗಿದ್ದಾಗ, 1856ರ ಆಗಸ್ಟ್ 9ರಂದು, ಡಾರ್ಚೆಸ್ಟರ್ ಸೆರೆಮನೆಯ ಮುಂದೆ ಮಾರ್ಥಾ ಬ್ರೌನ್ ಎಂಬ ಹೆಂಗಸನ್ನು ಸಾರ್ವಜನಿಕವಾಗಿ ಗಲ್ಲಿಗೇರಿಸಿದ್ದನ್ನು ನಿಂತು ನೋಡಿದ್ದರು. ಚಾಟಿಯಿಂದ ಹೊಡೆದ ಗಂಡನನ್ನು ಕೊಡಲಿಯಿಂದ ಕೊಂದವಳು ಅವಳು. ಕುದುರೆ ಒದ್ದು ಸತ್ತ ಎಂದು ಮೊದಲು ಹೇಳಿದ್ದಳು. ಏಟು ತಿಂದ ಸತ್ಯವನ್ನು ಹೇಳಿದ್ದು ಕೊನೆಯಲ್ಲಿ, ಅಷ್ಟರಲ್ಲಿ ಕೇಳುವವರಿರಲಿಲ್ಲ. ಮಳೆಯಲ್ಲಿ ನೇತಾಡಿದ ಆ ಆಕೃತಿಯನ್ನು ಹಾರ್ಡಿ ಎಂಬತ್ತು ದಾಟಿದ ಮೇಲೂ ಮರೆತಿರಲಿಲ್ಲ.

ನನಗೂ ಮರೆಯಲಾಗದ್ದು ಒಂದಿದೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನನ್ನ ಬಳಿ ಇದೇ ಕಾದಂಬರಿ ಓದಿದ ಹುಡುಗಿಯೊಬ್ಬಳು ಮದುವೆಯಾಗಿ ಎರಡು ವರ್ಷಕ್ಕೆ ಒಂದು ಸಂಜೆ ನಮ್ಮ ಮನೆಗೆ ಬಂದಳು. ಕೆನ್ನೆ ಊದಿತ್ತು. ‘ಅಪ್ಪ ನನ್ನ ಮದುವೆ ಸಾಲ ಇನ್ನೂ ತೀರಿಸಿಲ್ಲ ಮೇಡಂ, ಇಬ್ಬರು ತಂಗಿಯರಿದ್ದಾರೆ, ನಾನು ಹೇಗೆ ತವರಿಗೆ ಹೋಗಲಿ?’ ಎಂದಳು. ನಾನು ಕಾಫಿ ಕೊಟ್ಟೆ. ಸ್ವಲ್ಪ ಹೊಂದಿಕೊಂಡು ಹೋಗು, ತಂಗಿಯರದೊಂದು ಆಗಲಿ ಎಂದೆ. ಬಸ್ ನಿಲ್ದಾಣದವರೆಗೂ ಹೋಗಿ, ಗಂಡನ ಊರಿನ ಬಸ್ಸಿಗೇ ಹತ್ತಿಸಿ ಬಂದೆ.

ನಿವೃತ್ತಳಾದ ಮೇಲೆ ಒಂದು ಮದುವೆ ಮನೆಯಲ್ಲಿ ಅವಳೇ ನನ್ನ ಗುರುತು ಹಿಡಿದು ಕಾಲಿಗೆ ನಮಸ್ಕಾರ ಮಾಡಿದಳು. ಈಗ ಬೇರೆ ಇದ್ದಾಳೆ, ಹೊಲಿಗೆ ಮಾಡುತ್ತಾಳೆ, ಮಗ ದೊಡ್ಡವನಾಗಿದ್ದಾನೆ. ಪಕ್ಕದ ಕುರ್ಚಿಯಲ್ಲಿ ಕುಳಿತು ನಾನು ಏನೋ ಕೇಳಿದೆ, ಅವಳು ಉತ್ತರ ಕೊಡಲಿಲ್ಲ. ಮತ್ತೆ ಕೇಳಿದೆ. ಅವಳು ನಕ್ಕು ಎದ್ದುಬಂದು ನನ್ನ ಇನ್ನೊಂದು ಬದಿಗೆ ಕೂತಳು. ‘ಆ ಕಿವಿ ಕೇಳಿಸಲ್ಲ ಮೇಡಂ, ಈಗ ಹೇಳಿ’ ಎಂದಳು.